ಪಿಯುಸಿ ವಯಸ್ಸಿಗೇ ತೂಕ ಇಳಿಸೋ ಆಪರೇಷನ್ನು: ಬೇಕಾ, ಬೇಡ್ವಾ?

ಪರ

ನಮ್ ದಾವಣಗೆರೇಲಿ ದಪ್ಪ ಇರೋ ಹುಡುಗನ್ನ ಹೆಸರಿಡಿದು ಕರೆಯೋರೇ ಇಲ್ಲ, ಡುಮ್ಮ ಅಂತಾರೆ, ಟ್ಯಾಂಕರ್ ಅಂತಾರೆ, ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ. ಮನೇಲೂ ಅಷ್ಟೇ, ಇನ್ನೊಂದು ಬೆಣ್ಣೆದೋಸೆ ಹಾಕೋರೂ ಅವರೇ, ಎಷ್ಟ್ ತಿಂತೀಯೋ ಅನ್ನೋರೂ ಅವರೇ. ಕುಂದವಾಡ ಕೆರೆ ಏರಿ ಮೇಲೆ ವಾಕಿಂಗ್ ಮಾಡು ಅಂತ ಬುದ್ಧಿ ಹೇಳೋರು 120 ಕೆಜಿ ಮಂಡಿ ಮೇಲೆ ಹೊತ್ಕೊಂಡು ಒಂದ್ ರೌಂಡ್ ಹೊಡ್ದು ಬರ್ಲಿ, ಆಮೇಲೆ ಮಾತಾಡೋಣ.

ಎಲ್ಲಾ ದಪ್ಪ ಮಕ್ಕಳಿಗೂ ಹೊಟ್ಟೆ ಚಿಕ್ಕದು ಮಾಡೋ ಈ ಆಪರೇಷನ್ ಮಾಡಿ ಅಂತಿಲ್ಲ ನಾನು. ಶುಗರ್ರು, ನಿದ್ದೇಲಿ ಉಸಿರು ಕಟ್ಟೋದು ಇಂಥದ್ದೆಲ್ಲ ಆಗ್ಲೇ ಶುರುವಾಗಿರೋರ ಮಾತು ಇದು. ಅಮೆರಿಕದ ಮಕ್ಕಳ ಡಾಕ್ಟರ್‌ಗಳ ಅಕಾಡೆಮಿ 2023ರಲ್ಲಿ, ತೀರಾ ಬೊಜ್ಜಿದ್ರೆ 13 ವರ್ಷ ದಾಟಿದವರನ್ನೂ ಆಪರೇಷನ್ ಬಗ್ಗೆ ವಿಚಾರಿಸೋಕೆ ಕಳಿಸಬಹುದು ಅಂತು. ಹದಿಹರೆಯದಲ್ಲಿ ಆಪರೇಷನ್ ಆದೋರನ್ನ ನೋಡಿದ ಅಲ್ಲಿನ ಟೀನ್-ಲ್ಯಾಬ್ಸ್ ಅಧ್ಯಯನದಲ್ಲಿ, 10 ವರ್ಷ ಆದ್ಮೇಲೂ ಅವರ ಬಿಎಂಐ, ಅಂದ್ರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಮೊದಲಿಗಿಂತ ಸರಾಸರಿ 20 ಪರ್ಸೆಂಟ್ ಕಮ್ಮಿನೇ ಇತ್ತು, ಟೈಪ್ 2 ಶುಗರ್ ಇದ್ದೋರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಅದರಿಂದ ಹೊರಗೆ ಬಂದಿದ್ರು. ದೊಡ್ಡೋನಾದ್ಮೇಲೆ ನೋಡೋಣ ಅಂತ ಕಾಯ್ತಾ ಕೂತ್ರೆ ಕಿಡ್ನಿ ಕಾಯಲ್ಲ.

ವಿರೋಧ

ಶುಗರ್ ಹೋಯ್ತು, ಸರಿ. ಮನಸ್ಸು? ಸ್ವೀಡನ್‌ನಲ್ಲಿ ಆಪರೇಷನ್ ಆದ ಹದಿಹರೆಯದೋರನ್ನ 5 ವರ್ಷ ನೋಡಿದಾಗ ತಮ್ಮ ಬಗ್ಗೆ ಅಭಿಮಾನ ಏನೋ ಹೆಚ್ಚಾಗಿತ್ತು, ಮಾನಸಿಕ ಚಿಕಿತ್ಸೆಗೆ ಹೋಗೋದು ಮಾತ್ರ ಕಮ್ಮಿ ಆಗಿರ್ಲಿಲ್ಲ. ಈ ಆಪರೇಷನ್‌ನಲ್ಲೇ ಸ್ಲೀವ್ ಅನ್ನೋ ಬಗೆ ಅಂದ್ರೆ ಹೊಟ್ಟೆ ಚೀಲದ ಮುಕ್ಕಾಲು ಭಾಗ ತೆಗೆದೇ ಬಿಡೋದು, ಅದನ್ನ ವಾಪಸ್ ಹೊಲಿಯೋಕಾಗಲ್ಲ, ಆಮೇಲೆ ಐರನ್ನು ಬಿ12 ವಿಟಮಿನ್ ಡಿ ಅಂತ ಜೀವನಪೂರ್ತಿ ಮಾತ್ರೆ ನುಂಗ್ಬೇಕು, ಹಾಸ್ಟೆಲ್ ಸೇರಿದ ಹುಡುಗ ಮೊಬೈಲ್ ಚಾರ್ಜಿಗಾಕೋದ್ ಮರೆಯಲ್ಲ, ಮಾತ್ರೆ ಮರೀತಾನೆ. ಗೆಳೆಯರ ಜೊತೆ ಕುಡಿದ್ರೆ ಬೇಗ ಏರುತ್ತೆ, ಅದನ್ನ ಹೇಳೋರ್ಯಾರು?

ನಮ್ ಕಡೆ ಇನ್ನೊಂದು ಕಥೆ ಐತೆ, ಹುಡುಗೀರದ್ದು. ಡಿಗ್ರಿ ಮುಗಿಯೋದ್ರೊಳಗೆ ಸಣ್ಣ ಆಗ್ಬೇಕು, ಸಂಬಂಧ ಬರ್ತಾವೆ, ಇದೇ ಯೋಚನೆ. ಅಂದ್ರೆ ಕಾಯಿಲೆ ಇರೋದು ನೋಡೋರ ಕಣ್ಣಲ್ಲಿ, ಕತ್ತರಿ ಬೀಳೋದು ಇವಳ ಹೊಟ್ಟೆಗೆ. ಆಪರೇಷನ್ ಆದ್ಮೇಲಾದ್ರೂ ಬಿಡ್ತಾರಾ? ಹಬ್ಬದಲ್ಲಿ ಎರಡು ತುತ್ತಿಗೇ ಕೈ ತೊಳೆದ್ರೆ, ಏನವ್ವಾ ಹೋಳಿಗೆ ಚೆನ್ನಾಗಿಲ್ವಾ ಅಂತ ಅತ್ತೆ ಸೋದರತ್ತೆ ಎಲ್ಲ ಶುರು ಮಾಡ್ತಾರೆ.

ಪರ ಮಾತಾಡಿದೋರು ಹೇಳಿದ ಶುಗರ್ರು, ಉಸಿರು ಕಟ್ಟೋ ಮಕ್ಕಳಿಗೆ ನಾನೂ ಅಡ್ಡ ಬರಲ್ಲ ಬಿಡಿ. ಆದ್ರೆ ಡಾಕ್ಟ್ರು ಏನಮ್ಮಾ ನಿಂಗಿಷ್ಟನಾ ಅಂತ ಕೇಳಿದ್ರೆ, ಹ್ಞೂಂ ಸಾರ್ ಅವಳಿಗೂ ಇಷ್ಟ ಅಂತ ಪಕ್ಕದಲ್ಲಿರೋ ಅಮ್ಮ ಹೇಳ್ತಾರೆ ನೋಡಿ, ಅದನ್ನ ಒಪ್ಪಿಗೆ ಅಂತ ಬರ್ಕೋಬೇಡಿ. ಅಮ್ಮನ್ನ ಹತ್ತು ನಿಮಿಷ ಹೊರಗೆ ಬೆಂಚ್ ಮೇಲೆ ಕೂರ್ಸಿ, ಮತ್ತೆ ಕೇಳಿ.