ಮಕ್ಕಳು ಸಾಲದು, ಬೀಗ ಹಾಕಿ!

2013ರಲ್ಲಿ ಅಮೆರಿಕದ ಶಿಕಾಗೋ ನಗರಕ್ಕೆ ಒಂದು ದೊಡ್ಡ ತಲೆನೋವು ಶುರುವಾಯಿತು. ಶಾಲೆಗಳು ಜಾಸ್ತಿ, ಮಕ್ಕಳು ಕಡಿಮೆ. ಜೊತೆಗೆ ನೂರು ಕೋಟಿ ಡಾಲರ್ ಖೋತಾ. ಮೇಯರ್ ರಾಮ್ ಇಮ್ಯಾನುಯೆಲ್ ಅವರ ಆಡಳಿತ ಮದ್ದು ಹುಡುಕಿತು. ಮೇ 22ರಂದು ಶಿಕ್ಷಣ ಮಂಡಳಿ ಸಭೆ ಸೇರಿ, 50 ಶಾಲೆ ಮುಚ್ಚಲು ಒಪ್ಪಿಗೆ ಕೊಟ್ಟು ಎದ್ದಿತು. ಒಂದನ್ನು ಬಿಟ್ಟರೆ ಎಲ್ಲ ಪ್ರಾಥಮಿಕ ಶಾಲೆಗಳೇ. ಓದುತ್ತಿದ್ದವರಲ್ಲಿ ಬಹುಪಾಲು ಕಪ್ಪುವರ್ಣೀಯರ ಮಕ್ಕಳು.

ಮಕ್ಕಳು ಕಡಿಮೆಯಾಗಿದ್ದು ಸುಳ್ಳಲ್ಲ. 2000ದಿಂದ 2010ರ ನಡುವೆ ಊರಿನ ಜನಸಂಖ್ಯೆ ಸುಮಾರು 2 ಲಕ್ಷ ಇಳಿದಿತ್ತು. ಎಲ್ಲಿಗೆ ಹೋದರು? ಅದೇ ಹತ್ತು ವರ್ಷದಲ್ಲಿ ರಾಬರ್ಟ್ ಟೇಲರ್ ಹೋಮ್ಸ್‌ನಂಥ ಬಡವರ ಸರ್ಕಾರಿ ವಸತಿ ಗೋಪುರಗಳನ್ನು ಒಂದೊಂದಾಗಿ ಕೆಡವಿಸಿದ್ದರು. ಮನೆ ಕೆಡವಿ, ಆಮೇಲೆ ಪಕ್ಕದ ಶಾಲೆಗೆ ಹೋಗಿ ಹಾಜರಿ ಪುಸ್ತಕ ತೆರೆದು "ಅಯ್ಯೋ, ಮಕ್ಕಳೇ ಇಲ್ವಲ್ಲ!" ಅಂತ ಮೂಗಿನ ಮೇಲೆ ಬೆರಳಿಟ್ಟರು.

ಮಕ್ಕಳು ಕಡಿಮೆ ಅಂದಮೇಲೆ ಹೊಸ ಶಾಲೆ ತೆರೆಯಬಾರದು, ಅಲ್ವಾ? ಅದು ನಮ್ಮ ನಿಮ್ಮಂಥ ದಡ್ಡರ ಲೆಕ್ಕ. 2004ರಲ್ಲೇ ಆಗಿನ ಮೇಯರ್ ಡೇಲಿ 'ರೆನೆಸಾನ್ಸ್ 2010' ಅಂತ ಯೋಜನೆ ತಂದಿದ್ದರು. ಅದರಲ್ಲಿ ಹೊಸದಾಗಿ ತೆರೆಯಬೇಕಾದ ಶಾಲೆಗಳು 100! ಹೆಚ್ಚಿನವನ್ನು ನಡೆಸುವವರು ಖಾಸಗಿಯವರು, ದುಡ್ಡು ಮಾತ್ರ ಸರ್ಕಾರದ್ದು. ಇರುವ ಮಕ್ಕಳು ಅತ್ತ ಹಂಚಿಹೋದರು. ಹಳೆಯ ಶಾಲೆ ಇನ್ನಷ್ಟು ಖಾಲಿಯಾಯಿತು. ಖಾಲಿಯಾಯಿತಲ್ಲ, ಇನ್ನು ಮುಚ್ಚಿ.

ಎಷ್ಟು ಖಾಲಿ ಅಂತ ಹೇಳಲು ಒಂದು ಸೂತ್ರವೂ ಇತ್ತು. ತರಗತಿಗೆ 30 ಮಕ್ಕಳಿದ್ದರೆ ಆದರ್ಶ. ಅದರ 80 ಪರ್ಸೆಂಟ್‌ಗಿಂತ ಕೆಳಗಿಳಿದರೆ ಶಾಲೆ ದಂಡ. ಅಂದರೆ ಕೋಣೆಗೆ 23 ಮಕ್ಕಳಿದ್ದರೆ ಜಾಗ ಹಾಳು, 36 ಮಕ್ಕಳನ್ನು ತುರುಕಿದರೆ ದಕ್ಷತೆ. ವಿಶೇಷ ಅಗತ್ಯದ ಮಕ್ಕಳ ತರಗತಿಯಲ್ಲಿ ಕಾನೂನು ಪ್ರಕಾರವೇ ಕೆಲವೇ ಮಕ್ಕಳಿರಬೇಕು. ಸೂತ್ರಕ್ಕೆ ಅದೂ ಖಾಲಿ ಜಾಗವೇ. ಮೇಯರ್ ಇಮ್ಯಾನುಯೆಲ್ ಸಾಹೇಬರ ಸ್ವಂತ ಮಕ್ಕಳು ಮಾತ್ರ ಖಾಸಗಿ ಶಾಲೆಗೆ ಹೋಗುತ್ತಿದ್ದರು. ಅಲ್ಲಿ ಈ ಸೂತ್ರ ನಡೆಯುವುದಿಲ್ಲ. ಕೋಣೆಯಲ್ಲಿ ತಲೆ ಕಡಿಮೆ ಇದ್ದಷ್ಟೂ ಫೀಸು ಜಾಸ್ತಿ.

ಸ್ಥಳಾಂತರವೂ ಭರ್ಜರಿಯಾಗೇ ಆಯಿತು. ಮಕ್ಕಳನ್ನು ಸೇರಿಸಿಕೊಳ್ಳುವ ಶಾಲೆಗೆ ಎಸಿ, ಐಪ್ಯಾಡ್, ಗ್ರಂಥಾಲಯ ಎಲ್ಲ ಬಂತು. ಹಳೇ ಶಾಲೆ ಅಷ್ಟು ವರ್ಷ ಕೇಳಿದಾಗ ಇಲ್ಲದ ದುಡ್ಡು, ಬೀಗ ಹಾಕಿದ ದಿನ ಎಲ್ಲಿಂದಲೋ ಉದುರಿತು. ಹೊಸ ಶಾಲೆಯ ದಾರಿ ಗ್ಯಾಂಗುಗಳ ಗಡಿ ದಾಟಬೇಕಿತ್ತು. ಅದಕ್ಕೆ 'ಸೇಫ್ ಪ್ಯಾಸೇಜ್' (ಸುರಕ್ಷಿತ ದಾರಿ) ಅನ್ನುವ ಯೋಜನೆಯಡಿ, ಫಳಫಳ ಹಳದಿ ಜಾಕೆಟ್ ತೊಟ್ಟವರನ್ನು ಮೂಲೆಮೂಲೆಗೂ ನಿಲ್ಲಿಸಿದರು. ಆರು ವರ್ಷದ ಮಗು ಒಂದನೇ ಕ್ಲಾಸಿಗೆ ಹೋಗಲು ಕಾವಲುಪಡೆ! ನೆಗಡಿ ಬಂತೆಂದು ಮೂಗು ಕೊಯ್ದುಕೊಂಡು, ಆಮೇಲೆ ಬ್ಯಾಂಡೇಜಿನ ಅಂದ ನೋಡಿದ ಹಾಗೆ. ಇಷ್ಟಾಗಿ ಮಕ್ಕಳು ಚೆನ್ನಾಗಿ ಕಲಿತರಾ? ಶಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ವರದಿ ಕೊಟ್ಟರು. ಶಾಲೆ ಕಳೆದುಕೊಂಡ ಮಕ್ಕಳು, ಅದರಲ್ಲೂ ಗಣಿತದಲ್ಲಿ, ವರ್ಷಗಟ್ಟಲೆ ಹಿಂದೆಯೇ ಉಳಿದಿದ್ದರು. ಲೆಕ್ಕ ತಪ್ಪಿದ್ದು ಮಕ್ಕಳದ್ದೋ ಮಂಡಳಿಯದ್ದೋ, ನೀವೇ ಹೇಳಿ.

ಕಟ್ಟಡಗಳ ಕಥೆ ಇನ್ನೂ ಚೆಂದ. ಎಷ್ಟೋ ಶಾಲೆಗಳು ವರ್ಷಗಟ್ಟಲೆ ಸುಮ್ನೆ ಪಾಳುಬಿದ್ದವು. ಶಿಕಾಗೋದ ಬ್ರಾನ್ಜ್‌ವಿಲ್ ಬಡಾವಣೆಯ ಓವರ್ಟನ್ ಶಾಲೆ ಮುಚ್ಚಿ ಮೂರು ವರ್ಷಕ್ಕೆ, 2016ರಲ್ಲಿ, ರಾಷ್ಟ್ರದ ಐತಿಹಾಸಿಕ ತಾಣಗಳ ಪಟ್ಟಿ ಸೇರಿತು. ತರಗತಿಗಳಿಗೆ ಗಾಳಿ ಬೆಳಕು ಧಾರಾಳವಾಗಿ ಬರುವಂತೆ ಕಟ್ಟಿದ ಶಾಲೆ ಅದು. ಗಾಳಿ ಬೆಳಕಿಗೆ ಮರ್ಯಾದೆ ಸಿಕ್ಕಿತು. ಉಸಿರಾಡಲು ಮಕ್ಕಳಿರಲಿಲ್ಲ, ಅಷ್ಟೇ.

ಅಪ್‌ಟೌನ್ ಬಡಾವಣೆಯ ಸ್ಟುವರ್ಟ್ ಶಾಲೆಯ ಅದೃಷ್ಟ ಮಾತ್ರ ಖುಲಾಯಿಸಿತು. ನೂರು ವರ್ಷ ದಾಟಿದ ಆ ಪ್ರಾಥಮಿಕ ಶಾಲೆ ಈಗ 'ಸ್ಟುವರ್ಟ್ ಸ್ಕೂಲ್ ಲಾಫ್ಟ್ಸ್' ಅನ್ನುವ ಐಷಾರಾಮಿ ಅಪಾರ್ಟ್‌ಮೆಂಟ್. ಎತ್ತರದ ಚಾವಣಿ, ದೊಡ್ಡ ಕಿಟಕಿ, ಕೆಳಗೆ ಮಕ್ಕಳು ಓಡಿ ಓಡಿ ಸವೆಸಿದ ಅಗಲವಾದ ಮೊಗಸಾಲೆ. ಒಂದು ಮನೆಯಲ್ಲಿ ಇಷ್ಟು ಜನ ಇರಲೇಬೇಕು ಅನ್ನುವ ಸೂತ್ರ ಇಲ್ಲಿಲ್ಲ. ಒಬ್ಬರೇ ಇದ್ದರೂ ಬಾಡಿಗೆ ಪೂರ್ತಿ ಬರುತ್ತೆ.