ಗಿಳಿ ಅಂದದ್ದು ತಪ್ಪಾ?

ಇವತ್ತು ಅಕ್ಕನ ಮಗನ ಶಾಲೆಗೆ ಹೋಗಿದ್ದೆ. ಮನೆಗೆ ಬಂದು ಎರಡು ಗಂಟೆಯಾಯಿತು, ಸಿಟ್ಟು ಇನ್ನೂ ಇಳಿದಿಲ್ಲ.

ಅವನ ವಿಷಯ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಒಂಬತ್ತನೇ ಕ್ಲಾಸು, ಕೇರಳದ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಕನ್ನಡ ಮೀಡಿಯಂ. ಬಾಯಲ್ಲೇ ಲೆಕ್ಕ ಮಾಡುತ್ತಾನೆ, ತೋಟದ ಪಂಪ್‌ಸೆಟ್ ಬಿಚ್ಚಿ ಜೋಡಿಸುತ್ತಾನೆ. ಓದು ಮಾತ್ರ ಹತ್ತುವುದಿಲ್ಲ. 'ಕಲ್ಲು' ಬರಿ ಅಂದರೆ 'ಕಲು' ಬರೆಯುತ್ತಾನೆ. ಇದು ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಚುರುಕಿದ್ದರೂ ಓದು ಬರಹ ಕಷ್ಟವಾಗುವ ತೊಂದರೆ ಅಂತ ಗೊತ್ತಾದದ್ದು ಹೋದ ವರ್ಷ. ಅಲ್ಲಿಯವರೆಗೆ ಅವನನ್ನು ಸೋಮಾರಿ ಅಂತ ಬೈದವರಲ್ಲಿ ನಾನೂ ಒಬ್ಬಳು. ಅದು ನೆನಪಾದರೆ ಈಗಲೂ ಸಂಕಟವಾಗುತ್ತದೆ.

ಈ ವರ್ಷ ಅವನಿಗೆ ಇಂಥ ಮಕ್ಕಳಿಗೆ ಕಲಿಸುವ ಸ್ಪೆಷಲ್ ಟೀಚರ್ ಸಿಕ್ಕಿದ್ದಾರೆ, ವಾರಕ್ಕೊಮ್ಮೆ ಬರುತ್ತಾರೆ. ಒಳ್ಳೆಯವರು. ಆದರೆ ಅವರಿಗೆ ಕನ್ನಡ ಬರುವುದಿಲ್ಲ, ಮಲಯಾಳ ಮಾತ್ರ.

ಇವತ್ತು ಬಾಗಿಲ ಹತ್ತಿರ ಕೂತು ನೋಡಿದೆ. ಒಂದು ಕಾರ್ಡು ಎತ್ತಿದರು. ಗಿಳಿಯ ಚಿತ್ರ, ಕೆಳಗೆ ಮಲಯಾಳದಲ್ಲಿ 'ತತ್ತ'. "ಮೋನೇ, ಇದ್ ಎಂದಾಣ್?" (ಮಗನೇ, ಇದೇನು?) ಇವನು "ಗಿಳಿ" ಅಂದ. ಅವರಿಗೆ ಅದು 'ಕಿಳಿ' ಅಂತ ಕೇಳಿಸಿತು. ಮಲಯಾಳದಲ್ಲಿ ಕಿಳಿ ಅಂದರೆ ಹಕ್ಕಿ, ಯಾವ ಹಕ್ಕಿಯಾದರೂ ಸರಿ. "ಏದ್ ಕಿಳಿ?", ಯಾವ ಹಕ್ಕಿ ಅಂತ ಮತ್ತೆ ಕೇಳಿದರು. ಸರಿಯಾಗಿ ಹೇಳಿದ ಹುಡುಗ ಬಾಯಿ ಮುಚ್ಚಿಕೊಂಡ. ಆಮೇಲೆ ಅರ್ಧ ಗಂಟೆ ಮಾತೇ ಇಲ್ಲ. ಬಸ್ಸಿನಲ್ಲಿ ಮೆಲ್ಲಗೆ ಕೇಳಿದ, "ಚಿಕ್ಕಮ್ಮ, ಗಿಳಿ ಅಂದದ್ದು ತಪ್ಪಾ?"

ಟೀಚರ ಮೇಲೆ ನನಗೆ ಸಿಟ್ಟಿಲ್ಲ. ಕನ್ನಡ ಶಾಲೆಗೆ ಕನ್ನಡ ಬಾರದವರನ್ನು ಕಳಿಸುವವರ ಮೇಲೆ ಸಿಟ್ಟು. ಓದಲು ಕಷ್ಟಪಡುವ ಮಗುವಿಗೆ ಕಲಿಸುವುದು ಅಂದರೆ ಒಂದೊಂದು ಸದ್ದನ್ನೂ ಒಂದೊಂದು ಅಕ್ಷರಕ್ಕೆ ಜೋಡಿಸಿ ಕೊಡುವುದು. 'ಲ' ಕೆಳಗೆ ಒತ್ತು ಯಾಕೆ ಬಂತು ಅಂತ ಬೆರಳಿಟ್ಟು ತೋರಿಸಬೇಕು. ಕನ್ನಡ ಅಕ್ಷರವೇ ಗೊತ್ತಿಲ್ಲದವರು ಅದನ್ನು ತೋರಿಸುವುದು ಹೇಗೆ?

"ಕೇರಳದಲ್ಲಿದ್ದೀರಿ, ಮಲಯಾಳ ಕಲಿಯಲಿ" ಅನ್ನುವವರಿದ್ದಾರೆ. ಕಲಿಯಲಿ, ಬೇಡ ಅಂದವರು ಯಾರು? ಪೇಟೆಯಲ್ಲಿ ಮಲಯಾಳ ಮಾತಾಡುತ್ತಾನೆ ಅವನು. ಆದರೆ ಒಂದು ಲಿಪಿಯಲ್ಲೇ ಎಡವುತ್ತಿರುವವನಿಗೆ ಆಸರೆ ಅಂತ ಇನ್ನೊಂದು ಲಿಪಿ ಕೊಡುವುದು ನ್ಯಾಯವಲ್ಲ. ಈ ಜಿಲ್ಲೆಯ ಕನ್ನಡ ಶಾಲೆಗಳು ನಿನ್ನೆ ಮೊನ್ನೆ ಹುಟ್ಟಿದವೂ ಅಲ್ಲ, ಕಾಸರಗೋಡು ಕೇರಳಕ್ಕೆ ಸೇರಿದ 1956ಕ್ಕೂ ಹಿಂದಿನಿಂದ ಇವೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಡಿಸ್ಲೆಕ್ಸಿಯಾದಂಥ ಕಲಿಕೆಯ ತೊಂದರೆಯೂ ಸೇರಿದೆ. ಕಣ್ಣು ಕಾಣದ, ಕಿವಿ ಕೇಳದ ಮಕ್ಕಳಿಗೆ ಅವರಿಗೆ ಹೊಂದುವ ಭಾಷೆಯಲ್ಲೇ ಕಲಿಸಬೇಕು ಅಂತ ಅದೇ ಕಾಯ್ದೆ ಹೇಳುತ್ತದೆ. ನಮ್ಮ ಹುಡುಗನಿಗೂ ಬೇಕಾದದ್ದು ಅಷ್ಟೇ ಅಲ್ವಾ? ಇಂಥ ಎಷ್ಟು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು ಬೇಕು ಅನ್ನುವ ಲೆಕ್ಕ ನಿಗದಿ ಮಾಡಿ ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಕೇಂದ್ರ ಸರ್ಕಾರಕ್ಕೆ ಹೇಳಿತು. ಆದರೆ ಮಾತೇ ಅರ್ಥವಾಗದಿದ್ದರೆ ಆ ಲೆಕ್ಕ ಹಿಡಿದುಕೊಂಡು ಏನು ಮಾಡುವುದು?

ಕನ್ನಡ ಬಲ್ಲವರು ಸಿಗುವುದಿಲ್ಲ ಅನ್ನುತ್ತಾರೆ. ದಿನಾ ರೈಲು ಹತ್ತಿ ಮಂಗಳೂರಿಗೆ ಓದಲು ಹೋಗುವ ನಮ್ಮೂರ ಹುಡುಗಿಯರನ್ನು ಯಾರಾದರೂ ಕೇಳಿದ್ದಾರಾ? ಸ್ಪೆಷಲ್ ಟೀಚರ್ ಆಗುವ ಓದು ಓದಿ, ಇಲ್ಲೇ ಕೆಲಸ ಕೊಡುತ್ತೇವೆ ಅಂತ ಒಂದು ಮಾತು?

ಮುಂದಿನ ವರ್ಷ ಅವನಿಗೆ ಎಸ್‌ಎಸ್‌ಎಲ್‌ಸಿ. ಕನ್ನಡ ಬಲ್ಲ ಸ್ಪೆಷಲ್ ಟೀಚರ್ ಬೇಕು ಅಂತ ಸೋಮವಾರ ಅರ್ಜಿ ಬರೆದು ನಾನೇ ಕೊಟ್ಟು ಬರುತ್ತೇನೆ. ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆ ಇಂಥ ಮಕ್ಕಳಿರುವವರು ಭಾನುವಾರದೊಳಗೆ ನನಗೆ ಮೆಸೇಜ್ ಮಾಡಿ. ನಿಮ್ಮ ಸಹಿಯೂ ಜೊತೆಗಿರಲಿ.