ಇನ್ನೂರು ಕುರ್ಚಿಯ ಸಭೆ

ನಮ್ಮ ದೊಡ್ಡಮ್ಮನ ಮಗ ಶಾಮಿಯಾನದ ಅಂಗಡಿ ಇಟ್ಟಿದ್ದಾನೆ. ಮದುವೆ, ತಿಥಿ, ಗಣಪತಿ, ಊರಹಬ್ಬ ಎಲ್ಲಕ್ಕೂ ಅವನದೇ ಕುರ್ಚಿ. ಆದರೆ ಅವನ ಕುರ್ಚಿಗಳು ಮಾಯವಾಗುವುದನ್ನು ನಾನು ನೋಡಿದ್ದು ಚುನಾವಣೆಯಲ್ಲಿ ಮಾತ್ರ. 2023ರ ಏಪ್ರಿಲ್, ವಿಧಾನಸಭೆ ಚುನಾವಣೆ ಹೊತ್ತು. ಮಧ್ಯಾಹ್ನ ಮೈದಾನಕ್ಕೆ ಲಾರಿಗಟ್ಟಲೆ ಕುರ್ಚಿ ಹೋಯಿತು. ಎರಡು ಸಾವಿರ. ಸಂಜೆ ಬಿಲ್ ಬರೆಯುವಾಗ ನೋಡಿದರೆ ಇನ್ನೂರು.

"ಅಣ್ಣಾ, ಒಂದು ಸೊನ್ನೆ ಬಿಟ್ಟೆ" ಎಂದೆ.

"ಸೊನ್ನೆಗೇನು ಬೆಲೆ, ಬಿಡೋ" ಎಂದ.

ಅವನ ತಪ್ಪೇನಿಲ್ಲ. ನಮ್ಮ ಕಾನೂನೇ ಹಾಗಿದೆ. ವಿಧಾನಸಭೆಗೆ ನಿಂತ ಅಭ್ಯರ್ಥಿ 40 ಲಕ್ಷ ರೂಪಾಯಿಗಿಂತ ಜಾಸ್ತಿ ಖರ್ಚು ಮಾಡುವ ಹಾಗಿಲ್ಲ. 2018ರ ಚುನಾವಣೆಯಲ್ಲಿ ಇದು 28 ಲಕ್ಷ ಇತ್ತು, ಪಾಪ. ಲೋಕಸಭೆಗಾದರೆ 95 ಲಕ್ಷ. ಸರಿ, ಅವನ ಪಕ್ಷಕ್ಕೆ ಎಷ್ಟು ಮಿತಿ? ಪಕ್ಷಕ್ಕೆ ಮಿತಿಯೇ ಇಲ್ಲ! ಮದುವೆಗೆ ಗಂಡು ಖರ್ಚು ಮಾಡಬಾರದು, ಗಂಡಿನ ಅಪ್ಪ ಎಷ್ಟು ಬೇಕಾದರೂ ಮಾಡಬಹುದು ಅಂದ ಹಾಗೆ. ಹಾಗಂತ ಲೆಕ್ಕ ಇಡುವುದಿಲ್ಲ ಅಂದುಕೊಳ್ಳಬೇಡಿ. ಗಂಡಿನ ಲೆಕ್ಕವನ್ನು ಅಡಿಕೆ ಚೂರಿನವರೆಗೆ ಇಡುತ್ತಾರೆ.

ಪ್ರತಿ ಜಿಲ್ಲೆಯಲ್ಲೂ ಚುನಾವಣಾಧಿಕಾರಿಗಳು ಒಂದು ದರಪಟ್ಟಿ ಹೊರಡಿಸುತ್ತಾರೆ. ಪಕ್ಷದವರನ್ನೆಲ್ಲ ಕೂರಿಸಿಕೊಂಡು, ಮಾತಾಡಿಕೊಂಡು ಮಾಡುವ ಪಟ್ಟಿ ಅದು. ಟೀಗೆ ಇಷ್ಟು, ಇಡ್ಲಿಗೆ ಇಷ್ಟು, ಹಾರಕ್ಕೆ, ಮೈಸೂರು ಪೇಟಕ್ಕೆ, ಜನರೇಟರಿಗೆ, ಮೈಕ್‌ಸೆಟ್ಟಿಗೆ ಇಷ್ಟು. ಚೌಕಾಸಿ ನಡೆಯುವುದು ಮಾತ್ರ ಉಲ್ಟಾ. ಬೇರೆ ಕಡೆ ಮಾರುವವನು ರೇಟು ಏರಿಸುತ್ತಾನೆ, ಕೊಳ್ಳುವವನು ಇಳಿಸುತ್ತಾನೆ, ಇಬ್ಬರ ನಡುವೆ ಜಗಳ. ಇಲ್ಲಿ ಮಾರುವವನೇ ಇಲ್ಲ. ಇರುವವರೆಲ್ಲ ಇಳಿಸುವವರು. ನಮ್ಮ ಹೋಟೆಲಿನಲ್ಲಿ ಸಿಗದ ರೇಟಿಗೆ ಮಸಾಲೆದೋಸೆ ತಿನ್ನುವ ಆಸೆಯಿದ್ದರೆ ಆ ಪಟ್ಟಿಯನ್ನು ಹಿಡಿದುಕೊಂಡು ಹೋಗಬೇಕು.

ಆವತ್ತಿನ ಸಭೆಗೆ ವಿಡಿಯೊ ತಂಡ ಬಂತು. ಕ್ಯಾಮೆರಾ ಹಿಡಿದ ಒಬ್ಬ ಹುಡುಗ, ಪುಸ್ತಕ ಹಿಡಿದ ಒಬ್ಬ ಗುಮಾಸ್ತರು. ಅಭ್ಯರ್ಥಿ ಬರೆಯುವ ಖರ್ಚಿನ ಪುಸ್ತಕ ಒಂದು. ಅದನ್ನು ತಾಳೆ ನೋಡಲು ಸರ್ಕಾರ ಬರೆಯುವ ಶ್ಯಾಡೋ ರಿಜಿಸ್ಟರ್ ಇನ್ನೊಂದು. ಹೆಸರಿಗೆ ತಕ್ಕ ಹಾಗೆ ಅದು ನೆರಳು. ಅಸಲು ಎಲ್ಲಿದೆ ಅಂತ ನೆರಳಿಗೆ ಗೊತ್ತಿರುವುದಿಲ್ಲ. ಗುಮಾಸ್ತರು ಬ್ಯಾನರ್ ಅಳೆದರು, ಮೈಕ್ ಎಣಿಸಿದರು, ಕುರ್ಚಿ ಹತ್ತಿರ ಬಂದರು.

"ಎಷ್ಟಪ್ಪ?"

"ಇನ್ನೂರು ಸಾರ್."

"ಮತ್ತೆ ಹಿಂದಿರೋದು?"

"ಅವು ಜನ ಮನೆಯಿಂದ ತಂದುಕೊಂಡಿರೋದು ಸಾರ್."

ಗುಮಾಸ್ತರು ಹಿಂದಿನ ಸಾಲಿನತ್ತ ನೋಡಿದರು. ಎಲ್ಲವೂ ಕೆಂಪು ಪ್ಲಾಸ್ಟಿಕ್ ಕುರ್ಚಿ. ಒಂದೊಂದರ ಬೆನ್ನ ಮೇಲೂ ಬಿಳಿ ಪೇಂಟಿನಲ್ಲಿ ನಮ್ಮಣ್ಣನ ಅಂಗಡಿಯ ಹೆಸರು, ಕೆಳಗೆ ಮೊಬೈಲ್ ನಂಬರ್. ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರ ಮಗಳ ಮದುವೆ ಮೇ ಕೊನೆಯಲ್ಲಿತ್ತು, ಚಪ್ಪರದ ಅಡ್ವಾನ್ಸ್ ಆಗಲೇ ನಮ್ಮಣ್ಣನ ಹತ್ತಿರ ಇತ್ತು. "ಇನ್ನೂರು" ಎಂದು ಬರೆದುಕೊಂಡರು.

ಅಷ್ಟರಲ್ಲಿ ಆಕಾಶದಲ್ಲಿ ಸದ್ದು. ಹೆಲಿಕಾಪ್ಟರ್ ಬಂತು, ಒಳಗೆ ತಾರಾ ಪ್ರಚಾರಕರು. ಮಾನ್ಯತೆ ಇರುವ ಪಕ್ಷವೊಂದು ಇಂಥವರನ್ನು 40 ಜನರವರೆಗೆ ಇಟ್ಟುಕೊಳ್ಳಬಹುದು. ಅವರ ಓಡಾಟದ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಬರುವುದಿಲ್ಲ. ಹೆಲಿಕಾಪ್ಟರ್ ಸೊನ್ನೆ ರೂಪಾಯಿ. ಅದು ಎಬ್ಬಿಸಿದ ಧೂಳಿಗೆ ಗಂಟಲು ಕಟ್ಟಿ ಕಾರ್ಯಕರ್ತ ಕುಡಿದ ಟೀ ಮಾತ್ರ ಲೆಕ್ಕಕ್ಕೆ.

ಇನ್ನೊಂದು ತಮಾಷೆ ಕೇಳಿ. ಅಭ್ಯರ್ಥಿ ಹೋಗಿ ಆ ದೊಡ್ಡವರ ಜೊತೆ ವೇದಿಕೆ ಮೇಲೆ ಕೂತರೆ ಸಭೆಯ ಖರ್ಚು ಅವನ ತಲೆಗೂ ಬರುತ್ತದೆ. ಅವನ ಫೋಟೊ ಹಾಕಿದರೂ ಅಷ್ಟೇ, ಭಾಷಣದಲ್ಲಿ ಅವನ ಹೆಸರು ಎತ್ತಿದರೂ ಅಷ್ಟೇ. ಹಾಗಾಗಿ ಆವತ್ತು ನಮ್ಮ ಅಭ್ಯರ್ಥಿ ತನ್ನದೇ ಸಭೆಯಲ್ಲಿ ಜನರೇಟರ್ ಪಕ್ಕ, ಟೆಂಪೊ ಮರೆಯಲ್ಲಿ, ಗುಂಡಿ ಬಿಚ್ಚಿಕೊಂಡು ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದರು. "ನಿಮ್ಮ ಕ್ಷೇತ್ರದ ನಮ್ಮ ಅಭ್ಯರ್ಥಿಗೆ" ಅಂತ ಮೈಕಿನಲ್ಲಿ ಕೇಳಿದಾಗಲೆಲ್ಲ ಅಲ್ಲಿಂದಲೇ ಕೈ ಮುಗಿಯುತ್ತಿದ್ದರು. ಜನರೇಟರ್ ಓಡಿಸುವ ಹುಡುಗ ತನಗೇ ನಮಸ್ಕಾರ ಅಂದುಕೊಂಡು ತಿರುಗಿ ಕೈ ಮುಗಿದ.

ಈ ಸಂದಿ ಇವತ್ತಿನದಲ್ಲ. 1974ರಲ್ಲಿ ಸುಪ್ರೀಂ ಕೋರ್ಟ್ ದೆಹಲಿಯ ಒಂದು ಮೊಕದ್ದಮೆಯಲ್ಲಿ, ಪಕ್ಷ ಮಾಡುವ ಖರ್ಚಿನ ಲಾಭ ಅಭ್ಯರ್ಥಿಗೆ ಸಿಕ್ಕಿದ್ದರೆ ಅದನ್ನೂ ಅವನ ಲೆಕ್ಕಕ್ಕೆ ಸೇರಿಸಿ ಎಂದು ಹೇಳಿತು. ಆಗ ನೋಡಬೇಕಿತ್ತು ನಮ್ಮ ಸರ್ಕಾರದ ಚುರುಕು! ಅದೇ ಅಕ್ಟೋಬರ್ ತಿಂಗಳಲ್ಲಿ ಸುಗ್ರೀವಾಜ್ಞೆ ಬಂತು, ಆಮೇಲೆ ಅದೇ ಕಾನೂನಾಯಿತು: ಪಕ್ಷದ ಖರ್ಚು ಬೇರೆ, ಅಭ್ಯರ್ಥಿಯ ಖರ್ಚು ಬೇರೆ. 2003ರಲ್ಲಿ ಆ ಬಾಗಿಲನ್ನು ಒಂದಿಷ್ಟು ಮುಚ್ಚಿದರು. ಹೆಲಿಕಾಪ್ಟರ್ ತೂರುವಷ್ಟು ಮಾತ್ರ ತೆರೆದಿಟ್ಟರು.

ಊಟದ ವಿಷಯಕ್ಕೆ ಬರೋಣ. ಮತ ಕೇಳಿ ದುಡ್ಡು ಕೊಡುವುದು ಅಪರಾಧ. ಇಸಕೊಳ್ಳುವುದೂ ಅಪರಾಧ. ಜೈಲೂ ಆಗಬಹುದು. ಅದೇ ಊಟ, ಎಣ್ಣೆ, ಮನರಂಜನೆ ಕೊಟ್ಟು ಒಲಿಸಿಕೊಂಡರೆ ಬರೀ ದಂಡ. ಹಳೆ ಐಪಿಸಿಯಲ್ಲೂ ಹೀಗೇ ಇತ್ತು, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲೂ ಹೀಗೇ ಇದೆ. ಕಾನೂನು ಬರೆದವರು ಬಿರಿಯಾನಿ ತಿಂದು ಬರೆದಿರಬೇಕು. ಆ ದಂಡವೂ ಯಾಕೆ ಅಂತ ನಮ್ಮ ಕಡೆ ಆ ತಿಂಗಳು ನಾಮಕರಣಗಳು ಜಾಸ್ತಿಯಾದವು. ನಮ್ಮಣ್ಣನೇ ಒಂಬತ್ತಕ್ಕೆ ಪೆಂಡಾಲ್ ಹಾಕಿದ. ಮಗು ಇದ್ದದ್ದು ಎರಡು ಕಡೆ. ಅದರಲ್ಲಿ ಒಂದು ಮಗು ಆಗಲೇ ಅಂಗನವಾಡಿಗೆ ಹೋಗುತ್ತಿತ್ತು.

ಇಷ್ಟರ ನಡುವೆ ಸಿಕ್ಕಿಬಿದ್ದವನು ನಾನು. ಚಿಕ್ಕಪ್ಪನ ಮಗಳ ಮದುವೆಗೆ ಹನ್ನೆರಡು ಸೀರೆ ತರುತ್ತಿದ್ದೆ. ಚೆಕ್‌ಪೋಸ್ಟಿನಲ್ಲಿ ಕಾರು ನಿಲ್ಲಿಸಿದರು. ಡಿಕ್ಕಿ ತೆಗೆಸಿದರು. ಐವತ್ತು ಸಾವಿರಕ್ಕಿಂತ ಜಾಸ್ತಿ ನಗದು ಇದ್ದರೆ ದಾಖಲೆ ತೋರಿಸಬೇಕು. ನನ್ನ ಹತ್ತಿರ ಇದ್ದದ್ದು ಎಂಟುನೂರು. ಆದರೆ ಸೀರೆ ಹನ್ನೆರಡು!

"ಯಾವ ಕಡೆಯವರು ನೀವು?"

"ಹೆಣ್ಣಿನ ಕಡೆಯವರು ಸಾರ್."

ಲಗ್ನಪತ್ರಿಕೆ ತೋರಿಸಿದೆ. ಅದನ್ನೂ ಅನುಮಾನದಿಂದಲೇ ನೋಡಿದರು. ಪತ್ರಿಕೆಯಲ್ಲಿ ಅತ್ತೆಯ ಹೆಸರು ಕಮಲಮ್ಮ ಅಂತ ಇತ್ತು.

ಹಾಗಂತ ಅವರು ಏನೂ ಹಿಡಿಯಲಿಲ್ಲ ಅಂತಲ್ಲ. ಆ ಚುನಾವಣೆಯಲ್ಲಿ ರಾಜ್ಯದಾದ್ಯಂತ ನಗದು, ಹೆಂಡ, ಚಿನ್ನ, ಉಡುಗೊರೆ ಎಲ್ಲ ಸೇರಿ ಸುಮಾರು 375 ಕೋಟಿ ರೂಪಾಯಿಯದು ವಶವಾಯಿತು. 2018ರಲ್ಲಿ ಇದು 84 ಕೋಟಿಯಷ್ಟಿತ್ತು. 375 ಕೋಟಿಯನ್ನು 224 ಕ್ಷೇತ್ರಕ್ಕೆ ಹಂಚಿ ನೋಡಿ. ಒಂದಕ್ಕೆ 1 ಕೋಟಿ 67 ಲಕ್ಷ ಬರುತ್ತದೆ. ನಾಲ್ಕು ಅಭ್ಯರ್ಥಿಗಳು ಕಾನೂನು ಪ್ರಕಾರ ಪೂರ್ತಿ ಖರ್ಚು ಮಾಡಿದರೂ ಅಷ್ಟಾಗುವುದಿಲ್ಲ. ಇದು ಸಿಕ್ಕಿಬಿದ್ದದ್ದು. ತಲುಪಬೇಕಾದ ಕಡೆ ತಲುಪಿದ್ದನ್ನು ನಿಮ್ಮ ಅಡುಗೆಮನೆಯ ಕುಕ್ಕರನ್ನು ಕೇಳಿ.

ಫಲಿತಾಂಶ ಬಂದ 30 ದಿನದೊಳಗೆ ಎಲ್ಲರೂ ಲೆಕ್ಕ ಕೊಟ್ಟರು. ಮಿತಿ ಮೀರಿದರೆ ಗೆದ್ದವರ ಆಯ್ಕೆಯೇ ಬಿದ್ದುಹೋಗಬಹುದು. ಆದರೆ ಅದಕ್ಕೆ ಯಾರಾದರೂ 45 ದಿನದೊಳಗೆ ಹೈಕೋರ್ಟಿಗೆ ಹೋಗಬೇಕು. ಆರು ತಿಂಗಳಲ್ಲಿ ಮುಗಿಸಲು ಪ್ರಯತ್ನಪಡಬೇಕು ಎಂದು ಕಾನೂನು ಹೇಳುತ್ತದೆ. ಪ್ರಯತ್ನಕ್ಕೇನು, ಪಡುತ್ತಲೇ ಇರುತ್ತಾರೆ. ಅಷ್ಟು ಹೊತ್ತಿಗೆ ಮುಂದಿನ ದರಪಟ್ಟಿ ಬಂದಿರುತ್ತದೆ.

ನಮ್ಮಣ್ಣನಿಗೆ ಇನ್ನೂರು ಕುರ್ಚಿಯ ಬಾಡಿಗೆ ಚೆಕ್ಕಿನಲ್ಲಿ ಬಂತು. ಉಳಿದದ್ದಕ್ಕೆ ಗೆದ್ದವರ ಮನೆಗೆ ಹೋದ. "ಅದು ಪಾರ್ಟಿ ಖರ್ಚು, ಆಫೀಸಿನಲ್ಲಿ ಕೇಳಿ" ಎಂದರು. ಆಫೀಸಿನಲ್ಲಿ "ಅದು ಕ್ಯಾಂಡಿಡೇಟ್ ಖರ್ಚು, ಸಾಹೇಬರನ್ನೇ ಕೇಳಿ" ಎಂದರು. ಆರು ಸಲ ತಿರುಗಿ ಸಾಕಾಗಿ, ಕೊನೆಗೆ ನನ್ನ ಹತ್ತಿರ ಬಂದ. ಬಾಡಿಗೆ ಹೋಗಲಿ, ಮುರಿದ ಕುರ್ಚಿಗಾದರೂ ಪರಿಹಾರ ಕೇಳಿ ಒಂದು ಅರ್ಜಿ ಬರೆದುಕೊಡು ಎಂದ.

"ಎಷ್ಟು ಕುರ್ಚಿ ಕೊಟ್ಟಿದ್ದೆ ಅಂತ ಬರೀಲಿ?"

ಬಹಳ ಹೊತ್ತು ಯೋಚನೆ ಮಾಡಿದ. "ಇನ್ನೂರು ಅಂತಲೇ ಬರಿ. ಬಿಲ್ಲಲ್ಲಿ ಹಾಗೇ ಇದೆ ಅಲ್ವಾ?"

"ಮುರಿದಿದ್ದು?"

"ಇನ್ನೂರ ಮೂವತ್ತು."